ಕ್ಲಬ್ ಯಾರದು? ಬ್ಲ್ಯಾಕ್‌ಬರ್ನ್ ಕೇಳುತ್ತಿರುವ ಪ್ರಶ್ನೆ

ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಬ್ಲ್ಯಾಕ್‌ಬರ್ನ್ ಪಟ್ಟಣದ ಫುಟ್‌ಬಾಲ್ ಅಭಿಮಾನಿಗಳು 2023ರಿಂದೀಚೆಗೆ ಒಂದು ವಿಚಿತ್ರ ಅಭ್ಯಾಸವನ್ನು ರೂಢಿಸಿಕೊಳ್ಳಬೇಕಾಯಿತು. ತಮ್ಮ ತಂಡ ಹೊಸ ಆಟಗಾರನನ್ನು ಕೊಳ್ಳಬಲ್ಲದೇ ಅಥವಾ ಇದ್ದವರನ್ನೂ ಮಾರಬೇಕಾದೀತೇ ಎಂಬುದನ್ನು ತಿಳಿಯಲು ಅವರು ಕಣ್ಣು ಹಾಯಿಸಬೇಕಾದದ್ದು ಕ್ರೀಡಾಪುಟದತ್ತ ಅಲ್ಲ, ಆರು ಸಾವಿರ ಕಿಲೋಮೀಟರಿಗೂ ದೂರದ ದೆಹಲಿ ಹೈಕೋರ್ಟಿನ ಕಲಾಪದತ್ತ. ಆ ಊರಿನ ಕ್ಲಬ್ಬಾದ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಮಾಲೀಕರು ಪುಣೆಯ ವೆಂಕೀಸ್ ಸಮೂಹದವರು. ವಿದೇಶಿ ವಿನಿಮಯ ಕಾಯ್ದೆಗೆ ಸಂಬಂಧಿಸಿದಂತೆ ಜಾರಿ ನಿರ್ದೇಶನಾಲಯ ನಡೆಸಿದ ತನಿಖೆಯಿಂದಾಗಿ, ಇಂಗ್ಲೆಂಡಿಗೆ ಹಣ ಕಳುಹಿಸಲು ಅವರು ನ್ಯಾಯಾಲಯದ ಅನುಮತಿ ಪಡೆಯಬೇಕಾಯಿತು. ಕಳುಹಿಸುವ ಹಣಕ್ಕೆ ಬ್ಯಾಂಕ್ ಖಾತರಿಯನ್ನೂ ಒದಗಿಸಬೇಕಾಯಿತು. ಪ್ರಕರಣದ ಸತ್ಯಾಸತ್ಯತೆಯನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ, ಅದು ಈ ಲೇಖನದ ವಿಷಯವಲ್ಲ. ತಲೆತಲಾಂತರದಿಂದ ಒಂದೇ ಮೈದಾನಕ್ಕೆ ಹೋಗಿಬರುತ್ತಿರುವ ಜನರ ಶನಿವಾರದ ಸುಖದುಃಖಗಳು ಇನ್ನೊಂದು ಖಂಡದ ನ್ಯಾಯಾಲಯದ ಮುಂದಿನ ವಿಚಾರಣೆಯ ದಿನಾಂಕವನ್ನು ಅವಲಂಬಿಸುವಂತಾದದ್ದು ಹೇಗೆ ಎಂಬುದು ನನ್ನ ಪ್ರಶ್ನೆ.

ವೆಂಕೀಸ್ ಹೆಸರು ನಮಗೆ ಅಪರಿಚಿತವಲ್ಲ. ಆ ಸಮೂಹವನ್ನು ಕಟ್ಟಿದ ಡಾ. ಬಿ.ವಿ. ರಾವ್ ಭಾರತದ ಕೋಳಿ ಸಾಕಣೆಯನ್ನು ಹಿತ್ತಲಿನ ಕಸುಬಿನಿಂದ ಉದ್ಯಮವನ್ನಾಗಿ ಬೆಳೆಸಿದವರಲ್ಲಿ ಅಗ್ರಗಣ್ಯರು. ಪತ್ರಿಕೆಗಳ ಮಾರುಕಟ್ಟೆ ಅಂಕಣದಲ್ಲಿ ಮೊಟ್ಟೆಯ ದರದ ಜೊತೆ ಕಾಣುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು 1982ರಲ್ಲಿ ಹುಟ್ಟುಹಾಕಿದವರೂ ಅವರೇ. ಅವರ ಮಕ್ಕಳಾದ ಅನುರಾಧಾ ದೇಸಾಯಿ, ವೆಂಕಟೇಶ್ ರಾವ್ ಮತ್ತು ಬಾಲಾಜಿ ರಾವ್ 2010ರ ನವೆಂಬರಿನಲ್ಲಿ 2.3 ಕೋಟಿ ಪೌಂಡ್ ತೆತ್ತು, ಸಾಲದ ಹೊರೆಯನ್ನೂ ಹೊತ್ತುಕೊಂಡು ಬ್ಲ್ಯಾಕ್‌ಬರ್ನ್ ರೋವರ್ಸ್‌ಅನ್ನು ಕೊಂಡರು. ಪ್ರೀಮಿಯರ್ ಲೀಗ್ ತಂಡವೊಂದು ಭಾರತೀಯರ ಕೈಗೆ ಬಂದದ್ದು ಅದೇ ಮೊದಲು. ಬ್ರಿಟಿಷರ ಉಕ್ಕಿನ ಕಂಪನಿಯನ್ನೂ ಕಾರಿನ ಕಂಪನಿಯನ್ನೂ ನಮ್ಮವರು ಕೊಂಡು ಇನ್ನೂ ಬಹಳ ವರ್ಷಗಳಾಗಿರಲಿಲ್ಲ. ಆ ಹುಮ್ಮಸ್ಸಿನ ಮುಂದುವರಿಕೆಯಾಗಿಯೇ ಈ ಸುದ್ದಿಯನ್ನೂ ನಾವು ಓದಿದೆವು. ಉಕ್ಕಿನ ಕಾರ್ಖಾನೆಗೂ ಫುಟ್‌ಬಾಲ್ ಕ್ಲಬ್ಬಿಗೂ ಇರುವ ವ್ಯತ್ಯಾಸವನ್ನು ಯಾರೂ ಆಗ ಅಷ್ಟಾಗಿ ಯೋಚಿಸಲಿಲ್ಲ.

ಬ್ಲ್ಯಾಕ್‌ಬರ್ನಿನ ಇತಿಹಾಸವನ್ನು ಸ್ವಲ್ಪವಾದರೂ ಬಲ್ಲವರಿಗೆ ಈ ಖರೀದಿಯಲ್ಲಿ ಇನ್ನೊಂದು ವ್ಯಂಗ್ಯವೂ ಕಂಡೀತು. ಒಂದು ಕಾಲಕ್ಕೆ ಜಗತ್ತಿಗೇ ಬಟ್ಟೆ ನೇಯ್ದ ಊರು ಅದು. ಅಲ್ಲಿಯ ಮಗ್ಗಗಳಿಂದ ಇಳಿದ ಬಟ್ಟೆಗೆ ಭಾರತವೇ ದೊಡ್ಡ ಮಾರುಕಟ್ಟೆಯಾಗಿತ್ತು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ, ವಿದೇಶಿ ಬಟ್ಟೆಯ ಬಹಿಷ್ಕಾರದಿಂದಲೂ ಪೆಟ್ಟು ತಿಂದಿದ್ದ ಗಿರಣಿ ಕಾರ್ಮಿಕರನ್ನು ಕಾಣಲು ಹೋದದ್ದು ಬ್ಲ್ಯಾಕ್‌ಬರ್ನಿಗೆ ತಾಗಿಕೊಂಡಿರುವ ಡಾರ್ವೆನ್ ಎಂಬ ಊರಿಗೆ. ನಿರುದ್ಯೋಗಿಗಳಾಗಿದ್ದ ಆ ಜನ ಅವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ಪಟ್ಟಣದಲ್ಲಿ ಉಳಿದ ಹೆಮ್ಮೆಯ ಸಂಗತಿಗಳು ಹೆಚ್ಚಿಲ್ಲ, ಇದ್ದುದರಲ್ಲಿ ಫುಟ್‌ಬಾಲ್ ಕ್ಲಬ್ಬೇ ಮುಖ್ಯವಾದದ್ದು. 1875ರಲ್ಲಿ ಹುಟ್ಟಿದ ರೋವರ್ಸ್, 1888ರಲ್ಲಿ ಆರಂಭವಾದ ಫುಟ್‌ಬಾಲ್ ಲೀಗಿನ ಹನ್ನೆರಡು ಸ್ಥಾಪಕ ತಂಡಗಳಲ್ಲಿ ಒಂದು. ಆರು ಸಲ ಎಫ್.ಎ. ಕಪ್ ಗೆದ್ದ ತಂಡ. 1890ರಿಂದ ಇಂದಿನವರೆಗೂ ಅದು ಆಡುತ್ತಿರುವುದು ಈವುಡ್ ಪಾರ್ಕ್ ಎಂಬ ಅದೇ ಮೈದಾನದಲ್ಲಿ.

ಹಣವೇ ಆಟವನ್ನು ಕೆಡಿಸಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಬ್ಲ್ಯಾಕ್‌ಬರ್ನಿನ ಅಭಿಮಾನಿ ಹಾಗೆ ಹೇಳಲಾರ. ಏಕೆಂದರೆ ಅವನ ಬದುಕಿನ ಅತ್ಯಂತ ಸಿಹಿಯಾದ ದಿನವನ್ನು ತಂದುಕೊಟ್ಟದ್ದೂ ಹಣವೇ. ಊರಿನವರೇ ಆದ ಜ್ಯಾಕ್ ವಾಕರ್ ತಮ್ಮ ಉಕ್ಕಿನ ವ್ಯಾಪಾರವನ್ನು ಸುಮಾರು 33 ಕೋಟಿ ಪೌಂಡಿಗೆ ಬ್ರಿಟಿಷ್ ಸ್ಟೀಲ್‌ಗೆ ಮಾರಿ, ಬಂದುದರಲ್ಲಿ ದೊಡ್ಡ ಪಾಲನ್ನು 1991ರಿಂದ ತಮ್ಮ ಪ್ರೀತಿಯ ಕ್ಲಬ್ಬಿಗೆ ಸುರಿದರು. ಕೆನ್ನಿ ಡಾಲ್‌ಗ್ಲಿಷ್‌ರನ್ನು ಕರೆತಂದರು, ಅಂದಿನ ದಾಖಲೆಯ ಬೆಲೆಗೆ ಅಲನ್ ಶಿಯರರ್‌ನನ್ನು ಕೊಂಡರು, ಕ್ರೀಡಾಂಗಣವನ್ನೇ ಹೊಸದಾಗಿ ಕಟ್ಟಿಸಿದರು. 1995ರ ಮೇ 14ರಂದು ಲಿವರ್‌ಪೂಲ್‌ನಲ್ಲಿ ಕೊನೆಯ ಪಂದ್ಯವನ್ನು ಸೋತೂ, ಅತ್ತ ಮ್ಯಾಂಚೆಸ್ಟರ್ ಯುನೈಟೆಡ್ ವೆಸ್ಟ್ ಹ್ಯಾಮ್ ಎದುರು ಗೆಲ್ಲಲಾಗದ ಕಾರಣ, ರೋವರ್ಸ್ ಚಾಂಪಿಯನ್ ಆಯಿತು. ಅದಕ್ಕೂ ಹಿಂದೆ ಆ ತಂಡ ಲೀಗ್ ಗೆದ್ದದ್ದು 1914ರಲ್ಲಿ. ಹಣದಿಂದ ಕೊಂಡ ಪ್ರಶಸ್ತಿ ಎಂದು ಎದುರಾಳಿಗಳು ಅಂದೇ ಮೂದಲಿಸಿದ್ದರು. ಆ ಮೂದಲಿಕೆಯಲ್ಲಿ ಸತ್ಯವೂ ಇತ್ತು. ಆದರೂ ಈವುಡ್ ಪಾರ್ಕಿನ ಹೊರಗೆ ವಾಕರ್ ಅವರ ಪ್ರತಿಮೆಯಿದೆ, ಅದರ ಮುಂದೆ ಇಂದಿಗೂ ಜನ ನಿಂತು ಹೋಗುತ್ತಾರೆ.

ಹಾಗಾದರೆ ವಾಕರ್ ಅವರ ಹಣಕ್ಕೂ ಪುಣೆಯ ಹಣಕ್ಕೂ ಏನು ವ್ಯತ್ಯಾಸ? ಚರ್ಮದ ಬಣ್ಣ ಎಂದು ನಮ್ಮಲ್ಲಿ ಕೆಲವರು ಉತ್ತರಿಸುವುದನ್ನು ಕೇಳಿದ್ದೇನೆ. ಪ್ರತಿಭಟನೆಗಳಲ್ಲಿ ಅಂಥ ಕೀಳು ಮಾತುಗಳೇ ಬರಲಿಲ್ಲ ಎಂದು ನಾನು ವಾದಿಸಲು ಹೋಗುವುದಿಲ್ಲ. ಆದರೆ ಅದೇ ಅಭಿಮಾನಿಗಳು ಮೊದಲ ದಿನಗಳಲ್ಲಿ ಹೊಸ ಮಾಲೀಕರನ್ನು ಆದರದಿಂದಲೇ ಸ್ವಾಗತಿಸಿದ್ದರು ಎಂಬುದನ್ನು ಮರೆಯಬಾರದು. ಕೊಂಡು ಒಂದು ತಿಂಗಳೂ ಆಗುವ ಮುನ್ನ, ಡಿಸೆಂಬರಿನಲ್ಲಿ, ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ಆಗ ತಂಡ ಪಟ್ಟಿಯ ನಡುವೆ, ಹದಿಮೂರನೆಯ ಸ್ಥಾನದಲ್ಲಿ ನೆಮ್ಮದಿಯಿಂದಿತ್ತು. ಅವರ ಜಾಗಕ್ಕೆ ಬಂದ ಸ್ಟೀವ್ ಕೀನ್ ಅವರಿಗೆ ಯಾವ ತಂಡವನ್ನೂ ಸ್ವತಂತ್ರವಾಗಿ ನಡೆಸಿದ ಅನುಭವವಿರಲಿಲ್ಲ. 2011ರಲ್ಲಿ ಆಟಗಾರರನ್ನು ಸಾಲಾಗಿ ಕೂರಿಸಿ ಕೋಳಿ ಮಾಂಸ ತಿನ್ನಿಸುವ ಜಾಹೀರಾತು ಬಂದಾಗ ಇಂಗ್ಲೆಂಡೆಲ್ಲ ನಕ್ಕಿತು. ಜಾಹೀರಾತು ಮಾಲೀಕರ ದೃಷ್ಟಿಯಿಂದ ಸಹಜವಾದದ್ದೇ. ನಮ್ಮಲ್ಲಿ ಕ್ರಿಕೆಟಿಗರು ಏನನ್ನು ತಾನೆ ಮಾರುವುದಿಲ್ಲ? ಆದರೆ ತಂದೆ, ತಾತ, ಮುತ್ತಾತ ಎಲ್ಲರೂ ನೀಲಿ ಬಿಳಿ ಅಂಗಿ ತೊಟ್ಟು ಹೋಗುತ್ತಿದ್ದ ಜಾಗ ತಮ್ಮ ಕಣ್ಣೆದುರೇ ನಗೆಪಾಟಲಾದುದನ್ನು ಆ ಜನ ಸಹಿಸುವುದು ಕಷ್ಟವಾಯಿತು. 2012ರ ಮೇ 7ರಂದು ವಿಗನ್ ಎದುರು ಸೋತು ರೋವರ್ಸ್ ಪ್ರೀಮಿಯರ್ ಲೀಗಿನಿಂದ ಹೊರಬಿದ್ದ ಪಂದ್ಯದಲ್ಲಿ, ಕ್ಲಬ್ಬಿನ ಧ್ವಜ ಹೊದಿಸಿದ್ದ ಜೀವಂತ ಕೋಳಿಯೊಂದನ್ನು ಯಾರೋ ಮೈದಾನಕ್ಕೆ ಬಿಟ್ಟರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಆ ಎರಡು ವರ್ಷ ಕೀನ್ ಅನುಭವಿಸಿದ ಬೈಗುಳವನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ತನಗೆ ಕೊಟ್ಟ ಕೆಲಸವನ್ನು ಒಪ್ಪಿಕೊಂಡದ್ದಷ್ಟೇ ಆತನ ತಪ್ಪು. ಆದರೆ ಪುಣೆಯ ಕಚೇರಿಯ ಬಾಗಿಲು ತಟ್ಟಲಾಗದ ಸಿಟ್ಟು, ಕೈಗೆಟುಕುವಷ್ಟು ಹತ್ತಿರ ನಿಂತಿದ್ದ ಮನುಷ್ಯನ ಮೇಲೆ ಬಿತ್ತು. ವಾಕರ್ ಅವರಿಗೂ ಪುಣೆಯ ಮಾಲೀಕರಿಗೂ ಇರುವ ನಿಜವಾದ ಅಂತರ ನನಗೆ ಕಾಣುವುದು ಇಲ್ಲಿಯೇ. ತಪ್ಪು ನಿರ್ಧಾರ ಮಾಡಿದ್ದರೆ ವಾಕರ್ ಸೋಮವಾರ ಬೆಳಿಗ್ಗೆ ಅದೇ ಊರಿನ ಜನರ ಮುಖ ನೋಡಬೇಕಿತ್ತು. ಅದೊಂದು ಕಾನೂನಿನಲ್ಲಿಲ್ಲದ, ಆದರೆ ಬಲವಾದ ಉತ್ತರದಾಯಿತ್ವ. ಪುಣೆಯ ಮಾಲೀಕರು ಮೈದಾನದಲ್ಲಿ ಕಾಣಿಸಿಕೊಳ್ಳುವುದು ಕ್ರಮೇಣ ನಿಂತೇಹೋಯಿತು. ತಂಡ 2017ರಲ್ಲಿ ಮೂರನೆಯ ದರ್ಜೆಗೂ ಕುಸಿಯಿತು. ಆ ಋತುವಿನಲ್ಲಿ ಮೂವತ್ತೊಂದು ಸಾವಿರ ಕುರ್ಚಿಗಳ ಈವುಡ್ ಪಾರ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿಯುತ್ತಿದ್ದವು. ಮರುವರ್ಷ ಎರಡನೆಯ ದರ್ಜೆಯಾದ ಚಾಂಪಿಯನ್‌ಷಿಪ್‌ಗೆ ಮರಳಿತೆಂಬುದೇ ದೊಡ್ಡ ಸಮಾಧಾನ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ವೆಂಕೀಸ್ ಸಮೂಹ ಈ ಕ್ಲಬ್ಬಿನಿಂದ ಲಾಭ ಹೊತ್ತೊಯ್ಯಲಿಲ್ಲ. ಬದಲಿಗೆ ವರ್ಷವರ್ಷವೂ ನಷ್ಟವನ್ನು ತುಂಬಿಕೊಡುತ್ತ ಬಂದಿದೆ. ಹಾಕಿದ ಹಣ 20 ಕೋಟಿ ಪೌಂಡನ್ನು ಮೀರಿದೆಯೆಂಬುದು ಇಂಗ್ಲಿಷ್ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಹಾಗೆ ತುಂಬದೆ ಗತಿಯೂ ಇಲ್ಲ. ಚಾಂಪಿಯನ್‌ಷಿಪ್‌ನ ತಂಡಗಳು ಒಟ್ಟಾಗಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳಕ್ಕೆ ತೆರುವ ಮೊತ್ತ ಹಲವು ವರ್ಷಗಳಲ್ಲಿ ಅವುಗಳ ಒಟ್ಟು ಆದಾಯವನ್ನೇ ಮೀರಿದೆ. ನೂರು ರೂಪಾಯಿ ಗಳಿಸಿ ನೂರಕ್ಕೂ ಹೆಚ್ಚು ರೂಪಾಯಿ ಸಂಬಳ ಕೊಡುವ ಯಾವ ಕಿರಾಣಿ ಅಂಗಡಿಯೂ ಆರು ತಿಂಗಳು ಬಾಗಿಲು ತೆರೆದಿರಲಾರದು. ಮೇಲಿನ ದರ್ಜೆಯ ಟಿ.ವಿ. ಹಣದ ಆಸೆಗೆ ಎಲ್ಲರೂ ಸಾಲ ಮಾಡಿ ಜೂಜಾಡುತ್ತಾರೆ. ಮೇಲಿಂದ ಬಿದ್ದವರಿಗೆ ಕೆಲವು ವರ್ಷ ಸಿಗುವ ಪರಿಹಾರದ ಹಣ, ಬೀಳದೆ ಕೆಳಗೇ ಇದ್ದವರನ್ನು ಇನ್ನಷ್ಟು ಖರ್ಚಿಗೆ ದೂಡುತ್ತದೆ. ಮಾಲೀಕ ಪ್ರತಿ ತಿಂಗಳೂ ಚೆಕ್ ಬರೆಯುವವರೆಗೆ ಮಾತ್ರ ಕ್ಲಬ್ ಜೀವಂತ.

ಅಭಿಮಾನಿಯ ನಿಜವಾದ ಇಕ್ಕಟ್ಟು ಇದು. ‘ತೊಲಗಿರಿ’ ಎಂದು ಅವನು ಕೂಗುವ ಮಾಲೀಕ ನಾಳೆ ನಿಜವಾಗಿಯೇ ಎದ್ದುಹೋದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬ್ಲ್ಯಾಕ್‌ಬರ್ನಿನವರು ಬಹುದೂರ ಹೋಗಬೇಕಾಗಿಲ್ಲ. ಅದೇ ಸೀಮೆಯ ಬರಿ ಎಂಬ ಊರಿನ ಕ್ಲಬ್ 1885ರಲ್ಲಿ ಹುಟ್ಟಿದ್ದು, ಎರಡು ಸಲ ಎಫ್.ಎ. ಕಪ್ ಗೆದ್ದದ್ದು. ಸಾಲದಲ್ಲಿ ಮುಳುಗಿದ್ದ ಅದು 2018ರ ಕೊನೆಯಲ್ಲಿ ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಹೊಸ ಮಾಲೀಕರು ಕ್ಲಬ್ ನಡೆಸಲು ಬೇಕಾದ ಹಣವನ್ನು ತೋರಿಸದ ಕಾರಣ 2019ರ ಆಗಸ್ಟ್ 27ರಂದು ಫುಟ್‌ಬಾಲ್ ಲೀಗ್ ಅದನ್ನು ಹೊರಹಾಕಿತು. ಆ ಸುದ್ದಿ ಬರುವ ಮೊದಲು ಮೈದಾನದ ಕುರ್ಚಿ ಒರೆಸಲು, ಕಸ ಗುಡಿಸಲು ಪೊರಕೆ ಹಿಡಿದು ಬಂದ ಅಭಿಮಾನಿಗಳ ಚಿತ್ರಗಳನ್ನು ನೋಡಿದ್ದು ನನಗೆ ನೆನಪಿದೆ. ಪಂದ್ಯ ನಡೆದರೆ ಮೈದಾನ ಸಿದ್ಧವಿರಲಿ ಎಂಬ ಆಸೆ ಅವರದಾಗಿತ್ತು. ಗಿರಾಕಿಗಳು ಎಲ್ಲಾದರೂ ದಿವಾಳಿಯಾದ ಅಂಗಡಿಯ ನೆಲ ಒರೆಸಿದ್ದುಂಟೇ?

ಅರ್ಥಶಾಸ್ತ್ರದ ಭಾಷೆಯಲ್ಲಿ ಅಭಿಮಾನಿಯನ್ನು ಗ್ರಾಹಕ ಎಂದು ಕರೆಯುವುದು ರೂಢಿಯಾಗಿದೆ. ಆದರೆ ಗ್ರಾಹಕನ ಬಲವಿರುವುದು ಅಂಗಡಿ ಬದಲಾಯಿಸುವ ಸ್ವಾತಂತ್ರ್ಯದಲ್ಲಿ. ಸಾಬೂನಿನ ಬೆಲೆ ಏರಿದರೆ ಬೇರೆ ಸಾಬೂನು ಕೊಳ್ಳಬಹುದು; ಬ್ಲ್ಯಾಕ್‌ಬರ್ನಿನವನು ಸಿಟ್ಟು ಬಂತೆಂದು ಹತ್ತು ಮೈಲಿಯಾಚೆಯ ಬರ್ನ್‌ಲಿಯ ಬೆಂಬಲಿಗನಾಗಲಾರ. ಆ ಎರಡೂರುಗಳ ನಡುವಿನ ಜಿದ್ದನ್ನು ಬಲ್ಲವರು ಈ ವಾಕ್ಯವನ್ನು ಓದಿಯೇ ನಕ್ಕಾರು. ಬಿಟ್ಟುಹೋಗಲಾರದ ಗಿರಾಕಿಯನ್ನು ಸುಲಿಯುವಷ್ಟು ಸುಲಭದ ವ್ಯಾಪಾರ ಮತ್ತೊಂದಿಲ್ಲ. ಹಿಂದಿನವರಿಗೆ ಇದರ ಅರಿವಿತ್ತು ಎಂದೇ ತೋರುತ್ತದೆ. ಕ್ಲಬ್ಬುಗಳ ಷೇರುದಾರರು ಪಡೆಯಬಹುದಾದ ಲಾಭಾಂಶಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ದಶಕಗಳ ಕಾಲ ಮಿತಿ ಹಾಕಿತ್ತು. ನಿರ್ದೇಶಕರಿಗೆ ಸಂಬಳವನ್ನೂ ನಿರ್ಬಂಧಿಸಿತ್ತು. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬಿನವರು ಕ್ಲಬ್ಬಿನ ಮೇಲೊಂದು ಮಾತೃಕಂಪನಿ ಕಟ್ಟಿ, ಅದರ ಷೇರುಗಳನ್ನು ಲಂಡನ್ ಷೇರುಪೇಟೆಗೆ ತಂದರು. ನಿಯಮ ಕ್ಲಬ್ಬಿಗೆ, ಕಂಪನಿಗೆ ಅನ್ವಯಿಸದು ಎಂಬ ವಾದ. ಫುಟ್‌ಬಾಲ್ ಸಂಸ್ಥೆ ತಡೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಆನಂತರ ನಡೆದುದಕ್ಕೆಲ್ಲ ಬಾಗಿಲು ತೆರೆದದ್ದು 1992ರ ಪ್ರೀಮಿಯರ್ ಲೀಗ್ ಅಲ್ಲ, ಅಷ್ಟಾಗಿ ಯಾರೂ ಗಮನಿಸದ ಈ ಬೆರಳೆಣಿಕೆಯ ವಕೀಲರ ಜಾಣ್ಮೆ.

ಪ್ರೀಮಿಯರ್ ಲೀಗಿನ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ದೊಡ್ಡ ತಂಡಗಳು ಟಿ.ವಿ. ಹಣವನ್ನು ಕೆಳಗಿನವರೊಡನೆ ಹಂಚಿಕೊಳ್ಳದೆ ತಾವೇ ಇಟ್ಟುಕೊಳ್ಳಲು ಬೇರ್ಪಟ್ಟವು. ಮೊದಲ ಐದು ವರ್ಷಗಳ ಪ್ರಸಾರದ ಒಪ್ಪಂದದ ಮೊತ್ತ 30.4 ಕೋಟಿ ಪೌಂಡ್ ಎಂದು ಘೋಷಿತವಾಗಿತ್ತು. 2025ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಅವಧಿಗೆ ಬ್ರಿಟನ್ನಿನೊಳಗಿನ ಹಕ್ಕುಗಳೇ 670 ಕೋಟಿ ಪೌಂಡ್. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಿಂದ 97 ಜನ ಪ್ರಾಣ ಕಳೆದುಕೊಂಡ ದುರಂತದ ನಂತರ, ನ್ಯಾಯಮೂರ್ತಿ ಟೇಲರ್ ಅವರ ವರದಿಯಂತೆ ಎಲ್ಲರಿಗೂ ಕುರ್ಚಿ ಹಾಕಲಾಯಿತು. ಅದು ಅಗತ್ಯವಾದ ಸುಧಾರಣೆ. ಕುರ್ಚಿಯ ನೆಪದಲ್ಲಿ ಬೆಲೆ ಏರಿಸಬೇಕಾಗಿಲ್ಲ ಎಂದು ವರದಿ ಹೇಳುತ್ತ, ಗ್ಲಾಸ್ಗೊದ ಐಬ್ರಾಕ್ಸ್ ಮೈದಾನದಲ್ಲಿ 6 ಪೌಂಡಿಗೆ ಕುರ್ಚಿ ಸಿಗುವುದನ್ನು ಉದಾಹರಿಸಿತ್ತು. ಕ್ಲಬ್ಬುಗಳು ವರದಿಯ ಕುರ್ಚಿಯನ್ನು ಸ್ವೀಕರಿಸಿದವು, ಬೆಲೆಯನ್ನು ಮರೆತವು. 2024ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆ ಋತುವಿನ ಉಳಿದ ಟಿಕೆಟ್ಟುಗಳಿಗೆ 66 ಪೌಂಡ್ ನಿಗದಿ ಮಾಡಿತು; ಮಕ್ಕಳಿಗೂ ಪಿಂಚಣಿದಾರರಿಗೂ ರಿಯಾಯಿತಿ ಇಲ್ಲ. ಅಪ್ಪ ಮಗನನ್ನು ಕೈಹಿಡಿದು ಕರೆದೊಯ್ಯುವುದರಿಂದಲೇ ಈ ಪರಂಪರೆ ಮುಂದುವರಿದದ್ದು ಎಂಬುದನ್ನು ಲೆಕ್ಕಿಗರು ಮರೆತಂತಿದೆ.

ಅದೇ ಯುನೈಟೆಡ್‌ನ ಉದಾಹರಣೆ ಇನ್ನೂ ಕಟುವಾದದ್ದು. 1931ರಿಂದ ಸಾಲವಿಲ್ಲದೆ ನಡೆದುಬಂದಿದ್ದ ಕ್ಲಬ್ಬನ್ನು ಅಮೆರಿಕದ ಗ್ಲೇಝರ್ ಕುಟುಂಬ 2005ರಲ್ಲಿ ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಆ ಹಣದಲ್ಲಿ ಬಹುಭಾಗ ಸಾಲ. ಅದರಲ್ಲಿ ದೊಡ್ಡ ಪಾಲಿಗೆ ಅಡಮಾನವಾದದ್ದು ಕೊಳ್ಳಲ್ಪಟ್ಟ ಕ್ಲಬ್ಬೇ. ಅಂದರೆ ಮನೆ ಕೊಳ್ಳುವವನು ಆ ಮನೆಯ ಬಾಡಿಗೆದಾರರಿಂದಲೇ ಬಡ್ಡಿ ಕಟ್ಟಿಸಿದಂತೆ. ಸಿಟ್ಟಿಗೆದ್ದ ಒಂದಷ್ಟು ಬೆಂಬಲಿಗರು ಅದೇ ವರ್ಷ ‘ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್’ ಎಂಬ ತಮ್ಮದೇ ಕ್ಲಬ್ ಕಟ್ಟಿ, ಒಬ್ಬರಿಗೊಂದು ಮತ ಎಂಬ ನಿಯಮದಡಿ ಕೆಳ ದರ್ಜೆಯಿಂದ ಆಟ ಆರಂಭಿಸಿದರು. ವಿಂಬಲ್ಡನ್‌ನವರು ಅದಕ್ಕೂ ಮೊದಲೇ ದಾರಿ ತೋರಿದ್ದರು. ಅವರ ಕ್ಲಬ್ಬನ್ನು ಸುಮಾರು ತೊಂಬತ್ತು ಕಿಲೋಮೀಟರು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರ ಮೇ ತಿಂಗಳಲ್ಲಿ ಅನುಮತಿ ದೊರೆತಾಗ, ಅಭಿಮಾನಿಗಳು ಊರಿನ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿ ಹೊಸ ತಂಡ ಕಟ್ಟಿದರು. ಒಂಬತ್ತೇ ವರ್ಷಗಳಲ್ಲಿ, 2011ರಲ್ಲಿ, ಆ ತಂಡ ಫುಟ್‌ಬಾಲ್ ಲೀಗಿಗೆ ಏರಿತು. 2020ರಲ್ಲಿ ಹಳೆಯ ಪ್ಲೌ ಲೇನ್ ರಸ್ತೆಗೇ ಹೊಸ ಕ್ರೀಡಾಂಗಣ ಕಟ್ಟಿಕೊಂಡು ಮರಳಿತು. ಈ ಕಥೆ ಓದಿದಾಗಲೆಲ್ಲ ಮನಸ್ಸು ತುಂಬಿಬರುತ್ತದೆ, ನಿಜ. ಆದರೆ ಇದನ್ನೇ ಪರಿಹಾರವೆಂದು ಬಿಂಬಿಸುವವರು, ಕಳೆದುಕೊಂಡದ್ದನ್ನು ಮತ್ತೆ ಕಟ್ಟಲು ಎರಡು ದಶಕಗಳ ಬಿಡುವಿಲ್ಲದ ದುಡಿಮೆ ಬೇಕಾಯಿತೆಂಬುದನ್ನು ಹೇಳುವುದಿಲ್ಲ.

ಅಭಿಮಾನಿಗಳನ್ನು ಕೇವಲ ಬಲಿಪಶುಗಳೆಂದು ಚಿತ್ರಿಸುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಅಬ್ರಮೊವಿಚ್ 2003ರಲ್ಲಿ ಚೆಲ್ಸಿಯನ್ನು ಕೊಂಡಾಗ, ಅಬುಧಾಬಿಯ ಹಣ 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹರಿದಾಗ, ಆ ಹಣ ಎಲ್ಲಿಂದ ಬಂತೆಂದು ಕೇಳಿದ ಬೆಂಬಲಿಗರು ವಿರಳ. ಸೌದಿ ಅರೇಬಿಯಾದ ಸರ್ಕಾರಿ ನಿಧಿ 2021ರ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ತಂಡವನ್ನು ಕೊಂಡ ದಿನ ಸಾವಿರಾರು ಜನ ಮೈದಾನದ ಹೊರಗೆ ಕುಣಿದರು, ಕೆಲವರು ಅರಬ್ಬರ ವೇಷವನ್ನೂ ತೊಟ್ಟಿದ್ದರು. ಹದಿನಾಲ್ಕು ವರ್ಷ ಜಿಪುಣ ಮಾಲೀಕನ ಕೈಕೆಳಗೆ ನರಳಿದವರ ಸಂತೋಷವದು ಎಂಬುದು ಅರ್ಥವಾಗುತ್ತದೆ. ಆದರೂ ಮಾಲೀಕತ್ವದ ಪ್ರಶ್ನೆ ಅಭಿಮಾನಿಗೆ ನೆನಪಾಗುವುದು ತಂಡ ಸೋತಾಗ ಮಾತ್ರವೆಂಬ ಟೀಕೆಯನ್ನು ಸುಳ್ಳೆನ್ನುವುದು ಕಷ್ಟ. 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ಬ್ರಿಟನ್ ಸರ್ಕಾರ ಅಬ್ರಮೊವಿಚ್ ಆಸ್ತಿಗೆ ತಡೆ ಹಾಕಿದಾಗಲೇ, ಚೆಲ್ಸಿಯಂಥ ಕ್ಲಬ್ಬಿನ ಟಿಕೆಟ್ ಮಾರಾಟವೂ ನಿಲ್ಲಬಹುದೆಂಬುದು ಅನೇಕರಿಗೆ ಹೊಳೆದದ್ದು.

ಇನ್ನು ನಾವು. ಬೆಂಗಳೂರಿನಲ್ಲಿ ಕುಳಿತು ಇಂಗ್ಲಿಷ್ ಫುಟ್‌ಬಾಲ್ ನೋಡುವ ನನ್ನಂಥವರು ಈ ಕಥೆಯ ಹೊರಗಿಲ್ಲ. ಶನಿವಾರ ಇಂಗ್ಲೆಂಡಿನ ಮಧ್ಯಾಹ್ನ 12.30ಕ್ಕೆ ಆರಂಭವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಸಂಜೆ ಆರಕ್ಕೆ ಸಿಗುತ್ತದೆ. ಕಾಫಿ ಹಿಡಿದು ಕೂರಲು ಹದವಾದ ಹೊತ್ತು. ಆ ಪಂದ್ಯಕ್ಕೆ ನ್ಯೂಕ್ಯಾಸಲ್‌ನಿಂದ ಲಂಡನ್ನಿಗೆ ಹೋಗಬೇಕಾದ ಅಭಿಮಾನಿ ಬೆಳಗಿನ ಜಾವ ನಾಲ್ಕೈದು ಗಂಟೆಗೇ ಮನೆ ಬಿಡಬೇಕು. ಇನ್ನೂ ಸೋಜಿಗದ ಸಂಗತಿಯೆಂದರೆ, ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ಬ್ರಿಟನ್ನಿನೊಳಗೆ ನೇರ ಪ್ರಸಾರ ಮಾಡುವಂತಿಲ್ಲ. ಸಣ್ಣ ಕ್ಲಬ್ಬುಗಳ ಮೈದಾನಗಳು ಖಾಲಿಯಾಗದಿರಲೆಂದು ದಶಕಗಳಿಂದ ಇರುವ ನಿರ್ಬಂಧವದು. ನಾವು ಅವನ್ನೂ ನೋಡುತ್ತೇವೆ. ತನ್ನ ಮನೆಯಿಂದ ಅರ್ಧ ಮೈಲಿಯಲ್ಲಿ ನಡೆಯುವ ಆಟಕ್ಕೆ ಟಿಕೆಟ್ ಕೊಳ್ಳಲಾಗದ ನಿವೃತ್ತ ಕಾರ್ಮಿಕನಿಗೆ ಕಾಣದ ಪಂದ್ಯ ಜಯನಗರದ ಹಜಾರದಲ್ಲಿ ಕಾಣುತ್ತದೆ. ನಮ್ಮ ಚಂದಾ ಹಣ ಸೇರಿರುವುದರಿಂದಲೇ ಲೀಗ್ ನಮ್ಮ ಅನುಕೂಲ ನೋಡುತ್ತದೆ. ಇದರಿಂದ ನಾನು ನೋಡುವುದನ್ನು ಬಿಟ್ಟಿಲ್ಲ, ಬಿಡುವ ಉದ್ದೇಶವೂ ಇಲ್ಲ.

ನಮ್ಮದೇ ನೆಲದಲ್ಲೂ ಈ ನಾಟಕದ ಪ್ರತಿಗಳು ನಡೆದಿವೆ. 1889ರಲ್ಲಿ ಹುಟ್ಟಿ, 1911ರಲ್ಲಿ ಬ್ರಿಟಿಷ್ ಸೈನಿಕರ ತಂಡವನ್ನು ಬರಿಗಾಲಿನಲ್ಲಿ ಮಣಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಮೋಹನ್ ಬಾಗಾನ್ 2020ರಲ್ಲಿ ಖಾಸಗಿ ಬಂಡವಾಳಕ್ಕೆ ಶೇ 80ರ ಪಾಲನ್ನು ಬಿಟ್ಟುಕೊಟ್ಟಿತು. ಜೊತೆಗೆ ತನ್ನ ಹೆಸರಿನ ಮುಂದೆ ‘ಎ.ಟಿ.ಕೆ.’ ಎಂಬ ಇನ್ನೊಂದು ತಂಡದ ಹೆಸರನ್ನೂ ಹೊತ್ತುಕೊಂಡಿತು. ಆ ಮೂರು ಅಕ್ಷರಗಳನ್ನು ತೆಗೆಸಲು ಅಭಿಮಾನಿಗಳು ಮೂರು ವರ್ಷ ಹೋರಾಡಿದರು. 2023ರಲ್ಲಿ ತೆಗೆಸಿದರು, ಅದರ ಬದಲು ‘ಸೂಪರ್ ಜೈಂಟ್’ ಎಂಬ ಬಾಲ ಬಂತು. ಮೋಹನ್ ಬಾಗಾನ್‌ಗೆ ಹೋರಾಡಲು ಜನರಾದರೂ ಇದ್ದರು. 2019ರಲ್ಲಿ ಡೆಲ್ಲಿ ಡೈನಮೋಸ್ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್.ಸಿ. ಆಯಿತು, ಅದೇ ವರ್ಷ ಪುಣೆಯ ತಂಡ ಮುಚ್ಚಿ ಅದರ ಜಾಗದಲ್ಲಿ ಹೈದರಾಬಾದ್ ಎಫ್.ಸಿ. ಬಂತು, 2025ರಲ್ಲಿ ಆ ತಂಡವೂ ದೆಹಲಿಗೆ ಹೊರಟಿತು. ವಿಂಬಲ್ಡನ್‌ನಲ್ಲಿ ಇಪ್ಪತ್ತು ವರ್ಷ ಮಾಸದ ಗಾಯವಾದದ್ದು ನಮ್ಮಲ್ಲಿ ಕ್ರೀಡಾಪುಟದ ಮೂಲೆಯ ಸುದ್ದಿ. ಇಂಡಿಯನ್ ಸೂಪರ್ ಲೀಗಿನ ವಾಣಿಜ್ಯ ಒಪ್ಪಂದದ ನವೀಕರಣ ಕಗ್ಗಂಟಾಗಿ 2025ರ ಜುಲೈನಲ್ಲಿ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ, ಬೆಂಗಳೂರು ಎಫ್.ಸಿ. ಆಗಸ್ಟ್ ತಿಂಗಳಿನಲ್ಲಿ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯಬೇಕಾಯಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುತ್ತ ಬಂದ ಯುವಕರಿಗೆ ಬ್ಲ್ಯಾಕ್‌ಬರ್ನಿನ ಇಕ್ಕಟ್ಟನ್ನು ವಿವರಿಸುವ ಅಗತ್ಯ ಅಂದು ಇರಲಿಲ್ಲ.

ಬೇರೆ ದಾರಿಗಳೇ ಇಲ್ಲವೆಂದಲ್ಲ. ಜರ್ಮನಿಯಲ್ಲಿ 1998ರಿಂದ ಇರುವ ನಿಯಮದಂತೆ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಸಂಘದಲ್ಲಿ ಉಳಿಯಬೇಕು. ಲೆವರ್‌ಕುಸೆನ್, ವೂಲ್ಫ್ಸ್‌ಬರ್ಗ್‌ಗಳಂಥ ವಿನಾಯಿತಿಗಳಿವೆ, ಲೈಪ್ಜಿಗ್‌ನವರು ನಿಯಮದ ಅಕ್ಷರ ಉಳಿಸಿ ಆತ್ಮವನ್ನು ಬದಿಗಿಟ್ಟರೆಂಬ ಆರೋಪವೂ ಇದೆ. ಆದರೂ 2023ರ ಡಿಸೆಂಬರಿನಲ್ಲಿ ಲೀಗಿನ ವಾಣಿಜ್ಯ ಹಕ್ಕುಗಳ ಪಾಲನ್ನು ಹೂಡಿಕೆದಾರರಿಗೆ ಮಾರುವ ತೀರ್ಮಾನವಾದಾಗ, ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಪಂದ್ಯ ನಿಲ್ಲಿಸಿದರು. 2024ರ ಫೆಬ್ರುವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಇಂಗ್ಲೆಂಡಿಗೆ ಎಚ್ಚರವಾದದ್ದು 2021ರ ಏಪ್ರಿಲ್‌ನಲ್ಲಿ. ಅಲ್ಲಿಯ ಆರು ಶ್ರೀಮಂತ ಕ್ಲಬ್ಬುಗಳು ಬೀಳುವ ಭಯವೇ ಇಲ್ಲದ ಯುರೋಪಿನ ‘ಸೂಪರ್ ಲೀಗ್’ ಸೇರಲು ಹೊರಟು, ಬೀದಿಗಿಳಿದ ಬೆಂಬಲಿಗರಿಗೆ ಹೆದರಿ ಎರಡೇ ದಿನಗಳಲ್ಲಿ ಹಿಂದೆ ಸರಿದವು. ಆ ಪ್ರಸಂಗದಿಂದ ಹುಟ್ಟಿದ ಪರಿಶೀಲನೆಯ ಫಲವಾಗಿ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು. ಮೇಲಿನ ಐದು ದರ್ಜೆಗಳ ಕ್ಲಬ್ಬುಗಳಿಗೆ ಪರವಾನಗಿ, ಮಾಲೀಕರ ಯೋಗ್ಯತೆಯ ಪರೀಕ್ಷೆ, ಅಭಿಮಾನಿಗಳೊಡನೆ ಕಡ್ಡಾಯ ಸಮಾಲೋಚನೆ, ಲಾಂಛನ ಮತ್ತು ಅಂಗಿಯ ಬಣ್ಣಕ್ಕೆ ರಕ್ಷಣೆ ಇವೆಲ್ಲವನ್ನೂ ನೋಡಿಕೊಳ್ಳಲು ಸ್ವತಂತ್ರ ನಿಯಂತ್ರಕರಿದ್ದಾರೆ. ಕಾರ್ಡಿಫ್ ತಂಡದ ನೀಲಿ ಅಂಗಿಯನ್ನು ಮಲೇಷ್ಯಾದ ಮಾಲೀಕರು 2012ರಲ್ಲಿ ಕೆಂಪು ಮಾಡಿದಂತೆ ಇನ್ನು ಮಾಡಲಾಗದು. ಇದು ಸಣ್ಣ ಗೆಲುವಲ್ಲ.

ಆದರೆ ಬ್ಲ್ಯಾಕ್‌ಬರ್ನಿಗೆ ಇದರಿಂದ ಏನು ಸಿಗುತ್ತದೆ ಎಂದು ಯೋಚಿಸಿದರೆ ನನ್ನ ಉತ್ಸಾಹ ಕುಗ್ಗುತ್ತದೆ. ಕಾಯ್ದೆ ಕೆಟ್ಟ ಮಾಲೀಕ ಬಾರದಂತೆ ತಡೆಯಬಹುದು. ಆಗಲೇ ಇರುವವರನ್ನು ಪ್ರಶ್ನಿಸಲು ನಿರ್ದಿಷ್ಟ ಆತಂಕಕ್ಕೆ ಆಧಾರ ಬೇಕು. ಸಂಬಳ ನಿಲ್ಲಿಸದ, ನಷ್ಟ ತುಂಬುವ, ಆದರೆ ಊರಿನತ್ತ ತಿರುಗಿ ನೋಡದ ಮಾಲೀಕನ ವಿರುದ್ಧ ಯಾವ ನಿಯಮ ಅನ್ವಯಿಸೀತು? ಉದಾಸೀನ ಅಪರಾಧವಲ್ಲ. ರೋವರ್ಸ್ 2025ರ ಫೆಬ್ರುವರಿಯಲ್ಲಿ ಮೇಲಿನ ದರ್ಜೆಗೇರುವ ಪೈಪೋಟಿಯಲ್ಲಿದ್ದಾಗಲೇ ಅದರ ಮ್ಯಾನೇಜರ್ ಜಾನ್ ಯೂಸ್ಟೆಸ್ ಕೆಳದರ್ಜೆಗೆ ಬೀಳುವ ಭಯದಲ್ಲಿದ್ದ ಡರ್ಬಿ ತಂಡಕ್ಕೆ ಹೊರಟುಹೋದರು. ಏರುತ್ತಿರುವ ಬಸ್ಸಿನಿಂದ ಇಳಿದು ಕೆಟ್ಟು ನಿಂತ ಬಸ್ಸು ಹತ್ತಿದವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಊಹಿಸಲು ಬ್ಲ್ಯಾಕ್‌ಬರ್ನಿನವರಿಗೆ ಕಷ್ಟವಾಗಲಿಲ್ಲ. ತಂಡ ಆ ಋತುವಿನಲ್ಲಿ ಏಳನೆಯದಾಗಿ, ಒಂದೇ ಸ್ಥಾನದಿಂದ ಪ್ಲೇಆಫ್ ಅವಕಾಶ ಕಳೆದುಕೊಂಡಿತು.

ಅದಕ್ಕೂ ಒಂದು ವರ್ಷ ಮೊದಲು ಅವರು ಕಳೆದುಕೊಂಡದ್ದು ಆ್ಯಡಂ ವಾರ್ಟನ್ ಎಂಬ ಹುಡುಗನನ್ನು. ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿ, ಮಗುವಾಗಿದ್ದಾಗಲೇ ಕ್ಲಬ್ಬಿನ ಅಕಾಡೆಮಿ ಸೇರಿ, ಅಲ್ಲೇ ಬೆಳೆದ ಮಿಡ್‌ಫೀಲ್ಡರ್. ಹಣ ಬರುವ ದಾರಿ ಇಕ್ಕಟ್ಟಾಗಿದ್ದ 2024ರ ಆರಂಭದಲ್ಲಿ ಅವನನ್ನು ಸುಮಾರು 1.8 ಕೋಟಿ ಪೌಂಡಿನ ಆರಂಭಿಕ ಮೊತ್ತಕ್ಕೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ಗೆ ಮಾರಲಾಯಿತು. ಇಪ್ಪತ್ತರ ವಯಸ್ಸಿಗೆ, ನಾಲ್ಕೇ ತಿಂಗಳಲ್ಲಿ, ಅವನು ಯುರೋ ಕಪ್ಪಿಗೆ ಹೊರಟ ಇಂಗ್ಲೆಂಡ್ ತಂಡದಲ್ಲಿದ್ದ. ಆ ಮಾರಾಟದಿಂದ ಬಂದ ಹಣ ಕ್ಲಬ್ಬಿನ ಕೆಲವು ತಿಂಗಳುಗಳ ಖರ್ಚನ್ನು ನೋಡಿಕೊಂಡಿತು.